ಪಂಕಜಾಕ್ಷಿ ಎಂದರೆ ಎಂತ ಭಟ್ರೇ?

ಉರ್ವದ ಯಜ್ಞನಾರಾಯಣ ಭಟ್ಟರಿಗೆ ಸಂಸ್ಕೃತ ಬರುತ್ತದೆ ಎಂದು ಇಡೀ ಬಡಾವಣೆ ನಂಬಿತ್ತು. ಬರುವುದಿಲ್ಲ ಎಂದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ: ಒಬ್ಬರು ಸ್ವತಃ ಭಟ್ಟರು, ಇನ್ನೊಬ್ಬರು ಅವರ ಹೆಂಡತಿ ನೀರಜಾಕ್ಷಿ.

ಜನರ ನಂಬಿಕೆಗೆ ಆಧಾರ ಇರಲಿಲ್ಲವೆಂದಲ್ಲ. ಭಟ್ಟರ ತಂದೆ ದೇವಸ್ಥಾನದಲ್ಲಿ ಪೂಜೆಗಿದ್ದವರು. ಭಟ್ಟರ ಹಣೆಯಲ್ಲಿ ಗಂಧ, ಕಂಠದಲ್ಲಿ ಗಾಂಭೀರ್ಯ, ಹೆಸರೋ ಒಂದು ಉಸಿರಿನಲ್ಲಿ ಮುಗಿಯದಷ್ಟು ಉದ್ದ. ಆದರೆ ಮಂತ್ರ ಕಲಿಯಬೇಕಾದ ವಯಸ್ಸಿನಲ್ಲಿ ಅವರು ಮೈದಾನದ ಮೂಲೆಯಲ್ಲಿ ನಿಂತು ಕ್ರಿಕೆಟ್ ನೋಡುತ್ತಿದ್ದರು. ಆಮೇಲೆ ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಅಲ್ಲೇ ತಲೆ ನರೆತು ನಿವೃತ್ತರಾದರು. ಈ ವಿವರವನ್ನು ಅವರು ಯಾರಿಗೂ ಸುಳ್ಳಾಗಿ ಹೇಳಿದವರಲ್ಲ. ಯಾರೂ ಕೇಳಲಿಲ್ಲ, ಅವರು ಹೇಳಲಿಲ್ಲ, ಅಷ್ಟೆ.

"ಭಟ್ರೇ, ಮಗುವಿಗೆ ಪ್ರಾಪ್ತಿ ಅಂತ ಹೆಸರಿಡುವ ಅಂತ ಉಂಟು. ಅರ್ಥ ಒಳ್ಳೆದುಂಟಾ?" ಎಂದು ಯಾರಾದರೂ ಬಂದರೆ ಭಟ್ಟರು ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಹನವಾದ ಅರ್ಥ ಉಂಟು. ಇಡಿ" ಎನ್ನುತ್ತಿದ್ದರು. ಬಂದವರು ಒಂದು ಚಿಪ್ಪು ಬಾಳೆಹಣ್ಣು ಇಟ್ಟು ಸಂತೋಷದಿಂದ ಹೋಗುತ್ತಿದ್ದರು. ಇದರಿಂದ ಯಾರಿಗೂ ನಷ್ಟವಾಗಿರಲಿಲ್ಲ. ನಷ್ಟ ಶುರುವಾದದ್ದು ಭಟ್ಟರು ಒಂದು ದಿನ ಕಣ್ಣು ತೆರೆದುಕೊಂಡೇ ಅರ್ಥ ಹೇಳಲು ಹೊರಟಾಗ.

ಅದು ಜೆಪ್ಪುವಿನಲ್ಲಿ, ವಾಸುದೇವ ಉಪಾಧ್ಯಾಯರ ಮನೆಯಲ್ಲಿ. ಭಟ್ಟರ ಮಗ ಶ್ರೀನಂದನನಿಗೆ ಉಪಾಧ್ಯಾಯರ ಮಗಳು ಶ್ರಾವಣಿಯನ್ನು ನೋಡಿಯಾಗಿತ್ತು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು, ಜಾತಕಗಳೂ ತಕರಾರು ಮಾಡಿರಲಿಲ್ಲ. ಶುಭಕಾರ್ಯ ನಡೆಯದ ಮಳೆಗಾಲದ ಆಟಿ ತಿಂಗಳು ಕಳೆದ ಮೇಲೆ ನಿಶ್ಚಿತಾರ್ಥಕ್ಕೆ ಒಂದು ದಿನ ಗೊತ್ತುಮಾಡುವುದು ಮಾತ್ರ ಬಾಕಿ. ಭಟ್ಟ ದಂಪತಿಗಳು ಅದಕ್ಕೆಂದೇ ಹೋಗಿದ್ದರು. ಅಂಬಡೆ ಬಂತು, ಕಾಫಿ ಬಂತು, ಹುಡುಗಿಯ ತಾಯಿ ಪಂಕಜಾಕ್ಷಿ ಬಂದು ಎದುರು ಕುಳಿತರು.

ಪಂಕಜಾಕ್ಷಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಅವರು ರಸ್ತೆಯಲ್ಲಿ ನಡೆದರೆ ಹಳೆಯ ವಿದ್ಯಾರ್ಥಿಗಳು ಈಗಲೂ ಸ್ಕೂಟರಿನಿಂದ ಇಳಿದು ನಿಲ್ಲುತ್ತಿದ್ದರು. ಉಪಾಧ್ಯಾಯರು ಮನೆಯೊಳಗೇ ಎದ್ದು ನಿಲ್ಲುತ್ತಿದ್ದರು.

ಅಂಥವರು ಅಂದು ಬಹಳ ಒಳ್ಳೆಯ ಮನಸ್ಸಿನಲ್ಲಿದ್ದರು. ನಗುತ್ತ, "ನೋಡಿ ಭಟ್ರೇ, ನಿಮ್ಮ ಮನೆಯವರು ನೀರಜಾಕ್ಷಿ, ನಾನು ಪಂಕಜಾಕ್ಷಿ. ನೀವು ತಿಳಿದವರು. ಪಂಕಜಾಕ್ಷಿ ಎಂದರೆ ಎಂತ ಭಟ್ರೇ?" ಎಂದು ಕೇಳಿದರು.

ಭಟ್ಟರು ವಾಡಿಕೆಯಂತೆ ಕಣ್ಣು ಮುಚ್ಚಿದ್ದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ಭಾವೀ ಬೀಗಿತ್ತಿ, ಪಕ್ಕದಲ್ಲಿ ಬೀಗರು, ಒಳಗಿನಿಂದ ಇಣುಕುವ ಭಾವೀ ಸೊಸೆ. ಜೊತೆಗೆ ಈ ಹೆಸರಿನ ತುಂಡುಗಳು ಅವರಿಗೆ ನಿಜವಾಗಿಯೂ ಗೊತ್ತಿದ್ದವು. ಇಂಥ ಅದೃಷ್ಟ ಅವರಿಗೆ ಹಿಂದೆ ಒದಗಿರಲಿಲ್ಲ.

"ಬಿಡಿಸಿ ಹೇಳ್ತೇನೆ" ಎಂದರು ಭಟ್ಟರು, ಕಾಫಿ ಲೋಟ ಕೆಳಗಿಟ್ಟು. "ನೀರ, ಜ, ಅಕ್ಷಿ. ಜ ಅಂದ್ರೆ ಹುಟ್ಟಿದ್ದು. ಅಕ್ಷಿ ಅಂದ್ರೆ ಕಣ್ಣು. ನೀರಿನಲ್ಲಿ ಹುಟ್ಟಿದ ಕಣ್ಣು. ಶುದ್ಧವಾದ ಕಣ್ಣು."

ನೀರಜಾಕ್ಷಿ ಗಂಡನ ಮುಖ ನೋಡಿದರು. ಅವರ ಬಾಯಿಂದ ಒಳ್ಳೆಯ ಮಾತು ಕೇಳಿ ಬಹಳ ಕಾಲವಾಗಿತ್ತು.

"ಇನ್ನು ನಿಮ್ಮದು. ಪಂಕ, ಜ, ಅಕ್ಷಿ. ಪಂಕ ಅಂದ್ರೆ ಕೆಸರು. ಹಾಗಾಗಿ, ಕೆಸರಿನಲ್ಲಿ..."

ಇಲ್ಲಿಗೆ ಬಂದಾಗ ಭಟ್ಟರಿಗೆ ದಾರಿ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯಿತು. ಆದರೆ ಮಾತು ಇಳಿಜಾರಿನಲ್ಲಿ ಓಡುತ್ತಿತ್ತು.

"...ಕೆಸರಿನಲ್ಲಿ ಹುಟ್ಟಿದ ಕಣ್ಣು."

ಉಪಾಧ್ಯಾಯರು ಅಂಬಡೆಯನ್ನು ಬಾಯಿಗೆ ಹಾಕುವುದೋ ತಟ್ಟೆಗೆ ಹಾಕುವುದೋ ತಿಳಿಯದೆ ಅರ್ಧದಲ್ಲೇ ಹಿಡಿದುಕೊಂಡರು. ಭಟ್ಟರು ಪರಿಸ್ಥಿತಿಯನ್ನು ಸುಧಾರಿಸಲು ಮುಂದಾದರು.

"ಕೆಸರು ಅಂದ್ರೆ ಕೆಟ್ಟದ್ದು ಅಂತ ಅಲ್ಲ. ತೊಳೆದರೆ ಹೋಗ್ತದೆ."

ಪಂಕಜಾಕ್ಷಿ ಎದ್ದು ಖಾಲಿಯಾಗದ ಲೋಟಗಳನ್ನೆಲ್ಲ ತಟ್ಟೆಯಲ್ಲಿಟ್ಟು ಒಳಗೆ ಕೊಂಡುಹೋದರು. ದಿನ ಗೊತ್ತುಮಾಡುವ ಮಾತು ಅಲ್ಲಿಗೆ ನಿಂತಿತು. "ಅವಳು ಸ್ವಲ್ಪ ಯೋಚನೆ ಮಾಡಿ ಹೇಳ್ತಾಳಂತೆ" ಎಂದು ಉಪಾಧ್ಯಾಯರು ಗೇಟಿನವರೆಗೆ ಬಂದು ಪಿಸುಗುಟ್ಟಿದರು.

ವಾಪಸು ಬರುವಾಗ ಮೊಯ್ದೀನಬ್ಬನ ರಿಕ್ಷಾದಲ್ಲಿ ನೀರಜಾಕ್ಷಿ ಮಾತು ಶುರುಮಾಡಿದರು. ಮೊಯ್ದೀನಬ್ಬ ಉರ್ವದ ಸ್ಟ್ಯಾಂಡಿನವನು. ಭಟ್ಟರ ಮನೆಯ ಎಲ್ಲ ಶುಭಕಾರ್ಯಗಳಿಗೆ ಅವನದೇ ಗಾಡಿ.

"ಇಷ್ಟು ವರ್ಷದಲ್ಲಿ ಒಂದು ಸಲ ನನ್ನನ್ನು ಹೊಗಳಿದ್ರಿ, ಅದೂ ಇನ್ನೊಬ್ಬರ ಮರ್ಯಾದೆ ತೆಗೆದು. ಹುಡುಗಿಯ ಅಮ್ಮನಿಗೆ ಕಣ್ಣು ತೊಳ್ಕೊಳ್ಳಿ ಅಂತ ಯಾರಾದ್ರೂ ಹೇಳ್ತಾರಾ?"

"ನಾನು ಹಾಗೆ ಹೇಳ್ಲಿಲ್ಲ. ತೊಳೆದರೆ ಹೋಗ್ತದೆ ಅಂತ ಹೇಳಿದ್ದು."

ಮೊಯ್ದೀನಬ್ಬ ಕನ್ನಡಿಯಲ್ಲಿ ಹಿಂದೆ ನೋಡಿ, "ಎಂತ ಭಟ್ರೇ, ಮದುವೆ ತೊಳೆದು ಹೋಯ್ತಾ?" ಎಂದು ವಿಚಾರಿಸಿದ. ಅವನ ದನಿಯಲ್ಲಿ ಅನುಕಂಪವೇ ಇತ್ತು. ಆದರೆ ಅನುಕಂಪವುಳ್ಳವರು ಸುದ್ದಿಯನ್ನು ಹೆಚ್ಚು ಜನರಿಗೆ ಹೇಳುತ್ತಾರೆ.

ಮರುದಿನ ಬೆಳಿಗ್ಗೆ ಮೇಲಿನ ಫ್ಲ್ಯಾಟಿನ ವನಜಾಕ್ಷಿ ಬಾಗಿಲು ತಟ್ಟಿದರು. ಅವರು ಕಟ್ಟಡದ ಅಸೋಸಿಯೇಶನ್ನಿನ ಕಾರ್ಯದರ್ಶಿ. ನೀರಿನ ಪಂಪಿನ ಸ್ವಿಚ್ಚು, ಮನೆಮನೆಯ ವಾಲ್ವುಗಳು ಎಲ್ಲ ಅವರ ಅಧಿಕಾರದಲ್ಲಿದ್ದವು.

"ನೀವು ಹೆಸರಿನ ಅರ್ಥ ಬಿಡಿಸಿ ಬಿಡಿಸಿ ಹೇಳ್ತೀರಂತೆ. ನನ್ನದು ಹೇಳಿ."

ಭಟ್ಟರು ತಪ್ಪಿಸಿಕೊಳ್ಳಲು ನೋಡಿದರು. ವನಜಾಕ್ಷಿ ಕುರ್ಚಿ ಎಳೆದು ಕುಳಿತರು. ಕೊನೆಗೆ ಭಟ್ಟರು ಬಹಳ ಎಚ್ಚರಿಕೆಯಿಂದ, "ವನ ಅಂದ್ರೆ ಕಾಡು. ಹಸಿರು. ಒಳ್ಳೆಯ ಗಾಳಿ. ಅಂಥ ಕಡೆ ಹುಟ್ಟಿದ ಕಣ್ಣು" ಎಂದರು.

"ಅಂದ್ರೆ ಕಾಡುಪ್ರಾಣಿಯ ಕಣ್ಣು."

"ಛೆ ಛೆ! ಜಿಂಕೆಯದ್ದೂ ಆಗಬಹುದು."

"ಹಂದಿಯದ್ದೂ ಆಗಬಹುದಲ್ಲ?"

ಭಟ್ಟರು ಪ್ರಾಮಾಣಿಕರು. "ಅರ್ಥದ ಪ್ರಕಾರ ಅಡ್ಡಿಯಿಲ್ಲ" ಎಂದುಬಿಟ್ಟರು. ಅಂದು ಮಧ್ಯಾಹ್ನ ಅವರ ಮನೆಯ ನಲ್ಲಿಯಲ್ಲಿ ನೀರು ಬರಲಿಲ್ಲ. ಪಂಪು ರಿಪೇರಿಯಲ್ಲಿದೆ ಎಂದು ಮೇಲಿನಿಂದ ಹೇಳಿಕಳಿಸಿದರು. ಆಚೆ ಮನೆಯ ನಲ್ಲಿ ಸುರಿಯುತ್ತಿತ್ತು.

ಸಂಜೆ ಆಡಿಟರ್ ಆಫೀಸಿನಿಂದ ಬಂದ ಶ್ರೀನಂದನ ಕೈಕಾಲು ತೊಳೆಯಲು ನೀರಿಲ್ಲದೆ, ಕಾರಣ ಕೇಳಿ, ತಲೆಗೆ ಕೈಯಿಟ್ಟುಕೊಂಡ. ಮೊಬೈಲ್ ತೆಗೆದು ಹುಡುಕಿದ.

"ಅಪ್ಪಾ, ನೀವು ತುಂಡು ತುಂಡು ಮಾಡಿದ್ದು ಸರಿಯೇ. ಆದ್ರೆ ಪಂಕಜ ಅಂದ್ರೆ ತಾವರೆ. ಕೆಸರಲ್ಲಿ ಹುಟ್ಟುವ ಹೂವು. ಪಂಕಜಾಕ್ಷಿ ಅಂದ್ರೆ ತಾವರೆಯಂಥ ಕಣ್ಣಿನವಳು."

"ಹೌದಾ! ಹಾಗಾದ್ರೆ ನೀರಜ?"

"ಅದೂ ತಾವರೆ."

"ವನಜ?"

"ಅದೂ ತಾವರೆಯೇ. ವನ ಅಂದ್ರೆ ನೀರು ಅಂತಲೂ ಅರ್ಥ ಉಂಟಂತೆ."

ಭಟ್ಟರು ಕುಳಿತಲ್ಲಿಂದ ಎದ್ದೇಬಿಟ್ಟರು. ಅವಮಾನಕ್ಕಿಂತ ಹೆಚ್ಚಾಗಿ ಅವರಿಗೆ ಕುತೂಹಲ ಹುಟ್ಟಿತ್ತು. "ಜಲಜಾಕ್ಷಿ? ಅಂಬುಜಾಕ್ಷಿ? ವಾರಿಜಾಕ್ಷಿ?" ಎಂದು ತಮ್ಮ ಕಚೇರಿಯಲ್ಲಿ ಕೆಲಸ ಮಾಡಿದ್ದ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಕರೆದರು. ಎಲ್ಲರೂ ತಾವರೆಯೇ ಆದರು. "ಅಂದ್ರೆ ನಮ್ಮ ಊರಿನ ಅರ್ಧ ಹೆಂಗಸರಿಗೆ ಒಂದೇ ಹೆಸರು! ಬೇರೆ ಹೂವೇ ಸಿಕ್ಕಲಿಲ್ವಾ ಇವರಿಗೆ? ಗುಡ್ಡೆ ತುಂಬ ಕೇಪುಳದ ಹೂವು ಉಂಟು, ಕೇಪುಳಾಕ್ಷಿ ಅಂತ ಯಾಕೆ ಯಾರೂ ಇಡ್ಲಿಲ್ಲ?"

"ನೀವು ಮೊದಲು ಜೆಪ್ಪುವಿಗೆ ಫೋನ್ ಮಾಡಿ" ಎಂದರು ನೀರಜಾಕ್ಷಿ.

ಭಟ್ಟರು ಮಾಡಿದರು. ಜೆಪ್ಪುವಿನಲ್ಲಿ ಯಾರೂ ಎತ್ತಲಿಲ್ಲ.

ಮನಸ್ಸು ತಡೆಯದೆ ನೀರಜಾಕ್ಷಿ ಉಡುಪಿಯಲ್ಲಿದ್ದ ಅತ್ತಿಗೆಗೆ ಫೋನ್ ಮಾಡಿದರು. ಹೊರಗೆ ಮಳೆ ಹೊಡೆಯುತ್ತಿತ್ತು, ಮಾತು ಕತ್ತರಿಸಿ ಕತ್ತರಿಸಿ ಹೋಗುತ್ತಿತ್ತು. ನೀರಜಾಕ್ಷಿ ಹೇಳಿದ್ದು: "ಇವರು ಪಂಕಜಕ್ಕನ ಕಣ್ಣಿನ ವಿಷಯ ತೆಗೆದು ಸಂಬಂಧವೇ ಹಾಳಾಗುವ ಹಾಗೆ ಉಂಟು." ಅತ್ತಿಗೆಗೆ ಕೇಳಿಸಿದ್ದು: "ಪಂಕಜಕ್ಕನ ಕಣ್ಣು... ಹಾಳಾಗುವ ಹಾಗೆ ಉಂಟು."

ಅತ್ತಿಗೆ ಒಳ್ಳೆಯವರು. ಕೂಡಲೇ ತಮ್ಮ ತಂಗಿಗೆ ತಿಳಿಸಿದರು. ತಂಗಿ ಅದನ್ನು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ಒಬ್ಬರು ಕೈ ಮುಗಿದ ಚಿತ್ರ ಕಳಿಸಿದರು. ಇನ್ನೊಬ್ಬರು ನಂದಿಬಟ್ಟಲು ಹೂವು ನೆನೆಸಿದ ನೀರಿನಲ್ಲಿ ಕಣ್ಣು ತೊಳೆಯಬೇಕೆಂದರು. ಮೂರನೆಯವರು, ಇಂಥದ್ದು ತಾಯಿಯಿಂದ ಮಗಳಿಗೆ ಬರುತ್ತದೆ, ಹುಡುಗನ ಕಡೆಯವರು ಒಮ್ಮೆ ಯೋಚಿಸಲಿ ಎಂದರು. ಯಾರೋ ಒಬ್ಬರು ಈ ಎಲ್ಲ ಕಾಳಜಿಯನ್ನೂ ಒಟ್ಟುಮಾಡಿ, ಸಮಾಧಾನ ಹೇಳಲೆಂದು ನೇರವಾಗಿ ಉಪಾಧ್ಯಾಯರಿಗೇ ಫೋನ್ ಮಾಡಿದರು.

"ಎಡಗಣ್ಣಾ, ಬಲಗಣ್ಣಾ ಉಪಾಧ್ಯಾಯ್ರೇ?"

ಶುಕ್ರವಾರ ಬೆಳಿಗ್ಗೆ ಪಂಕಜಾಕ್ಷಿ ಉರ್ವಕ್ಕೆ ಬಸ್ಸಿನಲ್ಲಿ ಬಂದಿಳಿದರು. ಹಿಂದೆ ಉಪಾಧ್ಯಾಯರು ಸ್ಕೂಟರಿನಲ್ಲಿ. ಭಟ್ಟರ ಮನೆಯ ಬಾಗಿಲಿಗೆ ಬಂದ ಪಂಕಜಾಕ್ಷಿ ಒಳಗೆ ಕಾಲಿಡಲಿಲ್ಲ. ಹೊಸ್ತಿಲಿನಲ್ಲಿ ನಿಂತು ಕನ್ನಡಕ ತೆಗೆದು ಗಂಡನ ಕೈಗೆ ಕೊಟ್ಟರು. ಹಜಾರದ ಆಚೆ ತುದಿಯ ಗೋಡೆಯಲ್ಲಿ ಕ್ಯಾಲೆಂಡರ್ ತೂಗುತ್ತಿತ್ತು.

"ರಾಹುಕಾಲ ಹತ್ತೂವರೆಯಿಂದ ಹನ್ನೆರಡು" ಎಂದು ಗಟ್ಟಿಯಾಗಿ ಓದಿದರು. "ಅದರ ಕೆಳಗೆ, ಮುದ್ರಣದೋಷಕ್ಕೆ ಪ್ರಕಾಶಕರು ಹೊಣೆಯಲ್ಲ."

ಮೆಟ್ಟಿಲಿನಲ್ಲಿ ನಿಂತು ನೋಡುತ್ತಿದ್ದ ವನಜಾಕ್ಷಿಗೆ ಚಪ್ಪಾಳೆ ತಟ್ಟಬೇಕೆನಿಸಿತು. ಅವರು ತಟ್ಟಿದರು ಕೂಡ.

ಭಟ್ಟರು ಕೈ ಮುಗಿದು ಹೊರಗೆ ಓಡಿಬಂದರು. "ತಾವರೆ ಅಕ್ಕಾ, ತಾವರೆ! ಪಂಕಜ ಅಂದ್ರೆ ತಾವರೆ! ನನ್ನಿಂದ ತಪ್ಪಾಯ್ತು."

"ತಾವರೆ ಅಂತ ನನಗೆ ಆರನೇ ಕ್ಲಾಸಿನಿಂದ ಗೊತ್ತುಂಟು" ಎಂದರು ಪಂಕಜಾಕ್ಷಿ. "ನಿಮಗೆ ಗೊತ್ತುಂಟಾ ಅಂತ ನೋಡಿದ್ದು."

ಭಟ್ಟರ ಮುಗಿದ ಕೈ ಮುಗಿದೇ ಇತ್ತು.

"ನನಗೆ ಸಿಟ್ಟು ಬಂದದ್ದು ಹೌದು" ಎನ್ನುತ್ತ ಪಂಕಜಾಕ್ಷಿ ಈಗ ಒಳಗೆ ಬಂದು ಕುಳಿತರು. ದನಿ ಸ್ವಲ್ಪ ಇಳಿದಿತ್ತು. "ಆದ್ರೆ ಸಿಟ್ಟು ಇಳಿದ ಮೇಲೆ ಒಂದು ಪ್ರಶ್ನೆ ಉಳಿಯಿತು ನೋಡಿ. ನನ್ನ ಅಕ್ಕಂದಿರ ಹೆಸರು ಸಾವಿತ್ರಿ, ಸುಮತಿ. ಅಜ್ಜಿಯಂದಿರ ಹೆಸರು ಅವು. ನಮ್ಮ ಕುಟುಂಬದಲ್ಲಿ ಹಿಂದೆ ಮುಂದೆ ಎಲ್ಲಿಯೂ ಒಬ್ಬಳು ಅಕ್ಷಿ ಇಲ್ಲ. ನನಗೆ ಮಾತ್ರ ಈ ಹೆಸರು ಎಲ್ಲಿಂದ ಬಂತು? ಸಾವಿರ ಮಕ್ಕಳಿಗೆ ಲೆಕ್ಕ ಕಲಿಸಿದೆ, ಇದನ್ನು ಒಂದು ದಿನ ಯಾರ ಹತ್ರವೂ ಕೇಳಲಿಲ್ಲ. ಹೆಸರಿಟ್ಟದ್ದು ಅಪ್ಪನಂತೆ. ನಾನು ಅಂಬೆಗಾಲಿಡುವಾಗಲೇ ಅಪ್ಪ ತೀರಿಕೊಂಡ್ರು. ಒಂದು ಫೋಟೋ ಕೂಡ ಇಲ್ಲ. ಅಮ್ಮ ಇದ್ದಷ್ಟು ದಿನ ಆ ಮಾತು ತೆಗೀತಾ ಇರ್ಲಿಲ್ಲ."

ನೀರಜಾಕ್ಷಿ ತಟ್ಟನೆ ಅವರ ಪಕ್ಕಕ್ಕೆ ಹೋಗಿ ಕುಳಿತರು.

"ಆ ಕಾಲದವರಲ್ಲಿ ಈಗ ಉಳಿದಿರುವುದು ಕುದ್ರೋಳಿಯ ಕಿನ್ನಿ ಅತ್ತೆ ಒಬ್ಬರೇ. ಅಪ್ಪನ ತಂಗಿ. ನಾನು ಅಲ್ಲಿಗೆ ಹೊರಟಿದ್ದೇನೆ. ಭಟ್ರೇ, ತಲೆಗೆ ಹುಳ ಬಿಟ್ಟದ್ದು ನೀವು. ನೀವೂ ಬನ್ನಿ. ಅತ್ತೆಯ ಎದುರು ಅರ್ಥ ಹೇಳಿ. ಅವರಿಗೆ ಸಮ ಕಂಡರೆ ನಿಶ್ಚಿತಾರ್ಥದ ಮಾತು. ಇಲ್ಲದಿದ್ದರೆ ಇಲ್ಲಿಗೆ ಬಿಡುವ."

ಮೊಯ್ದೀನಬ್ಬನ ರಿಕ್ಷಾದಲ್ಲಿ ಇಬ್ಬರು ಹೆಂಗಸರ ನಡುವೆ ಭಟ್ಟರನ್ನು ಕೂರಿಸಲಾಯಿತು. ಉಪಾಧ್ಯಾಯರ ಸ್ಕೂಟರಿನ ಹಿಂದೆ, ಆಫೀಸಿಗೆ ರಜೆ ಹಾಕಿದ ಶ್ರೀನಂದನ. ಮಣ್ಣಗುಡ್ಡೆ ದಾಟುವಾಗ ಮೊಯ್ದೀನಬ್ಬ, "ಭಟ್ರೇ, ನನ್ನ ಮಗಳ ಹೆಸರು ನಸೀಬಾ. ಅದಕ್ಕೆ ಎಂತ..." ಎಂದು ಶುರುಮಾಡಿದ. ಭಟ್ಟರು ಕಣ್ಣು ಮುಚ್ಚಿದರು. ನೀರಜಾಕ್ಷಿ ಚಿವುಟಿದರು. ಭಟ್ಟರು ಕಣ್ಣು ತೆರೆದರು.

ಕಿನ್ನಿ ಎಂದರೆ ತುಳುವಿನಲ್ಲಿ ಚಿಕ್ಕದು. ಮನೆಯ ಕೊನೆಯ ಮಗುವಾಗಿದ್ದಾಗ ಅಂಟಿಕೊಂಡ ಹೆಸರು, ಹಲ್ಲೆಲ್ಲ ಬಿದ್ದು ಬೆನ್ನು ಬಾಗಿದ ಮೇಲೂ ಹಾಗೆಯೇ ಇತ್ತು. ದೇವಸ್ಥಾನದ ಹಿಂದಿನ ಓಣಿಯಲ್ಲಿ ಅವರ ಮಗನ ಮನೆ. ಓಣಿಯಲ್ಲಿ ಪೈಪು ಹಾಕಲು ರಸ್ತೆ ಅಗೆದಿದ್ದರಿಂದ ರಿಕ್ಷಾ ಸ್ವಲ್ಪ ಹಿಂದೆಯೇ ನಿಂತಿತು. ಅಗೆದ ಹೊಂಡದ ಮೇಲೆ ಹಾಸಿದ ಹಲಗೆಯನ್ನು ಎಲ್ಲರೂ ಒಬ್ಬೊಬ್ಬರಾಗಿ ದಾಟಿ ಒಳಗೆ ಹೋದರು. ಕಿನ್ನಿ ಅತ್ತೆ ಚಾವಡಿಯಲ್ಲಿ ಕುಳಿತು ಗೋಳಿಬಜೆಯನ್ನು ಚಹಾದಲ್ಲಿ ಅದ್ದಿ ಮೆತ್ತಗೆ ಮಾಡುತ್ತಿದ್ದರು.

"ಬಲೆ, ಬಲೆ. ಕುಲ್ಲುಲೆ" ಎಂದು ಕರೆದು ಕೂರಿಸಿ, ವಿಷಯ ಕೇಳಿದರು. ಕಿವಿ ಸ್ವಲ್ಪ ಮಂದ. ಪಂಕಜಾಕ್ಷಿ ಗಟ್ಟಿ ದನಿಯಲ್ಲಿ ಎಲ್ಲವನ್ನೂ ಒಪ್ಪಿಸಿ, ಭಟ್ಟರ ಕಡೆ ತಿರುಗಿದರು. "ಹೇಳಿ ಈಗ."

ಭಟ್ಟರು ಈ ಬಾರಿ ಸಿದ್ಧರಾಗಿ ಬಂದಿದ್ದರು. ಎದ್ದು ನಿಂತು, ಅತ್ತೆಯ ಕಿವಿಯ ಹತ್ತಿರ ಬಾಗಿ, "ತಾವರೆ! ತಾವರೆಯಂಥ ಕಣ್ಣು!" ಎಂದರು.

ಕಿನ್ನಿ ಅತ್ತೆ ಗೋಳಿಬಜೆ ಕೆಳಗಿಟ್ಟರು.

"ತಾವರೆಯಾ? ಯಾರು ಹೇಳಿದ್ದು ನಿಮಗೆ?"

ಭಟ್ಟರು ಮಗನನ್ನು ನೋಡಿದರು. ಮಗ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ನಮ್ಮ ಅಣ್ಣ ತಾವರೆ ಎಲ್ಲಿ ನೋಡಿದ್ದಾನೆ! ತಾವರೆ ಅಲ್ಲ ಮಾರಾಯ್ರೆ, ಅದು ಕೆಸರು!"

ಎಲ್ಲರಿಗಿಂತ ಹೆಚ್ಚು ಬೆಚ್ಚಿದವರು ಭಟ್ಟರು.

"ಕೇಳು ಮಗಾ" ಎಂದು ಅತ್ತೆ ಪಂಕಜಾಕ್ಷಿಯ ಮೊಣಕಾಲಿನ ಮೇಲೆ ಕೈಯಿಟ್ಟರು. "ಆಟಿ ತಿಂಗಳು. ಅಂಥ ಮಳೆ ಆಮೇಲೆ ನಾನು ನೋಡಿಲ್ಲ. ಗದ್ದೆಯ ಕಟ್ಟ ಒಡೆಯಿತು ಅಂತ ಅಣ್ಣ ಹಾರೆ ಹಿಡ್ಕೊಂಡು ಹೋಗಿದ್ದ. ಇತ್ತ ಮನೆಯೊಳಗೆ ನೀನು ಹುಟ್ಟಿದಿ. ನಾನೇ ಜಗಲಿಯ ತುದಿಗೆ ಹೋಗಿ ಕೂಗಿದ್ದು, ಅಣ್ಣಾ, ಹೆಣ್ಣು ಮಗು ಅಂತ. ಮೊದಲೇ ಎರಡು ಹೆಣ್ಣು. ಮೂರನೆಯದ್ದೂ ಹೆಣ್ಣು ಅಂತ ಮುಖ ಸಣ್ಣ ಮಾಡ್ತಾನೋ ಅಂತ ಎಲ್ಲರಿಗೂ ಹೆದರಿಕೆ. ಇವನು ಎಂತ ಮಾಡಿದ ಗೊತ್ತುಂಟಾ? ಹಾರೆ ಬಿಸಾಡಿ ಓಡಿದ. ಅಂಚಿನ ಮೇಲೆ ಓಡ್ಬೇಕಾ? ಇಲ್ಲ. ನಡು ಗದ್ದೆಯಲ್ಲಿ! ಮೂರು ಸಲ ಬಿದ್ದ. ಬಾಗಿಲಿಗೆ ಬಂದಾಗ ತಲೆಯಿಂದ ಕಾಲಿನವರೆಗೆ ಕೆಸರು. ಮನುಷ್ಯ ಅಂತ ಗೊತ್ತಾಗುವುದು ಎರಡು ಕಣ್ಣು ಮಾತ್ರ."

ಪಂಕಜಾಕ್ಷಿ ಅತ್ತೆಯ ಮುಖದಿಂದ ದೃಷ್ಟಿ ತೆಗೆಯಲಿಲ್ಲ.

"ಒಳಗೆ ಬಿಡುವ ಹಾಗಿಲ್ಲ. ನಾನು ನಿನ್ನನ್ನು ಬಟ್ಟೆಯಲ್ಲಿ ಸುತ್ತಿ ಹೊಸ್ತಿಲಿಗೆ ತಂದೆ. ಹುಟ್ಟಿದಾಗಿನಿಂದ ನೀನು ಕಣ್ಣೇ ತೆರೆದಿರಲಿಲ್ಲ. ಅವನು ಬಾಗಿಲ ಹೊರಗಿಂದ, 'ಏ ಹುಡುಗೀ' ಅಂತ ಕರೆದ. ನೀನು ಕಣ್ಣು ಬಿಟ್ಟೆ. ಮೊದಲು ನೋಡಿದ್ದೇ ಕೆಸರು ಮೆತ್ತಿದ ಅಪ್ಪನನ್ನು. ಅತ್ತದ್ದೂ ಇಲ್ಲ. ಅವನಿಗೆ ಹುಚ್ಚು ಹಿಡಿದ ಹಾಗೆ ಆಯ್ತು. ಇವಳು ಕೆಸರಿಗೆ ಹೆದರದವಳು, ಇವಳ ಹೆಸರಿನಲ್ಲಿ ಕೆಸರು ಇರಲೇಬೇಕು ಅಂತ ಹಠ. ಕೆಸರು ಇರುವ ಹೆಸರು ಎಲ್ಲಿ ಸಿಗ್ತದೆ? ಮಠದ ಹಿರಿಯರೊಬ್ಬರು ಪಂಕಜಾಕ್ಷಿ ಅಂತ ಇಡು ಅಂದ್ರು, ತಾವರೆ ಗೀವರೆ ಅಂತ ಎಂತದೋ ವಿವರಿಸಲಿಕ್ಕೆ ಹೊರಟ್ರು. ಅಣ್ಣ ಕೇಳಲೇ ಇಲ್ಲ. 'ಪಂಕ ಉಂಟಲ್ಲ, ಸಾಕು' ಅಂದ."

ಪಂಕಜಾಕ್ಷಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಹಾಕಿಕೊಂಡರು. ಪುನಃ ತೆಗೆದರು.

"ಹೇಗಿದ್ರು ಅತ್ತೆ ಅಪ್ಪ?"

"ಅದನ್ನು ಹೇಳಿ ತೋರಿಸಲಿಕ್ಕೆ ಆಗ್ತದಾ ಮಗಾ" ಎಂದರು ಕಿನ್ನಿ ಅತ್ತೆ.

ಭಟ್ಟರಿಗೆ ಇದು ವಿಚಿತ್ರ ಸ್ಥಿತಿ. ಅವರು ಗೆದ್ದಿದ್ದರು. ಅವರು ಹೇಳಿದ ತಪ್ಪು ಅರ್ಥವೇ ಸರಿಯಾಗಿತ್ತು, ಕಲಿತು ಬಂದ ಸರಿಯಾದ ಅರ್ಥ ತಪ್ಪಾಗಿತ್ತು. ಆದರೆ ಹಿಗ್ಗುವ ಹೊತ್ತು ಅದಲ್ಲ ಎಂದು ಅವರಿಗೂ ತಿಳಿಯಿತು. ಮೆಲ್ಲನೆ ಹೊರಗೆ ಹೋಗಿ ನಿಂತರು.

ಹೊರಡುವಾಗ ಮಳೆ ಪುನಃ ಹಿಡಿದಿತ್ತು. ಬೀಗಿತ್ತಿಯಾಗಬೇಕಾದವರು ನೆನೆಯಬಾರದೆಂದು ಭಟ್ಟರು ಕೊಡೆ ಬಿಡಿಸಿ ಮುಂದಾದರು. "ಹಲಗೆ ಜಾರ್ತದೆ, ಜಾಗ್ರತೆ ಅಕ್ಕಾ" ಎಂದು ಹಿಂದೆ ತಿರುಗಿ ಎಚ್ಚರಿಸಿದರು. ಎಚ್ಚರಿಕೆ ಸಕಾಲಿಕವಾಗಿತ್ತು. ಎಚ್ಚರಿಸಿದವರ ಕಾಲು ಮಾತ್ರ ಆಗ ಹಲಗೆಯ ಮೇಲಿರಲಿಲ್ಲ.

ಕೊಡೆ ಒಂದು ಕಡೆ ಹಾರಿತು, ಭಟ್ಟರು ಇನ್ನೊಂದು ಕಡೆ. ಹೊಂಡದಿಂದ ದೊಡ್ಡ ಶಬ್ದ ಬಂತು. ಶ್ರೀನಂದನ, ಉಪಾಧ್ಯಾಯರು, ಮೊಯ್ದೀನಬ್ಬ ಸೇರಿ ಎಳೆದು ಮೇಲೆ ತಂದು ನಿಲ್ಲಿಸಿದಾಗ, ಗಂಧ ಇಲ್ಲ, ಗಾಂಭೀರ್ಯ ಇಲ್ಲ, ತಲೆಯಿಂದ ಕಾಲಿನವರೆಗೆ ಕುದ್ರೋಳಿಯ ಕೆಂಪು ಕೆಸರು. ಮಿಟುಕಿಸುವ ಎರಡು ಕಣ್ಣು ಮಾತ್ರ ಭಟ್ಟರದ್ದು.

"ಸೀಟಿಗೆ ಪ್ಲಾಸ್ಟಿಕ್ ಹಾಕ್ತೇನೆ" ಎಂದು ಮೊಯ್ದೀನಬ್ಬ ರಿಕ್ಷಾದ ಕಡೆ ಓಡಿದ.

"ಅಯ್ಯೋ ದೇವೆರೇ!" ಎಂದು ಬಾಗಿಲಿನಿಂದ ಕಿನ್ನಿ ಅತ್ತೆ ಕೂಗಿದರು. ಒಂದು ಕೈಯಿಂದ ಚೌಕಟ್ಟು ಹಿಡಿದು, ಇನ್ನೊಂದನ್ನು ಭಟ್ಟರ ಕಡೆ ಚಾಚಿ, ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದರು. "ಪಂಕಜಾ, ಓ ಅಲ್ಲಿ ನೋಡು! ಹೀಗೆಯೇ! ನಿನ್ನ ಅಪ್ಪ ಹೀಗೆಯೇ ನಿಂತಿದ್ದ!"

ನೀರಜಾಕ್ಷಿ ಸೆರಗು ಹಿಡಿದು ಗಂಡನ ಮುಖ ಒರೆಸಲು ಮುಂದಾದರು.

"ಒರೆಸಬೇಡಿ" ಎಂದರು ಪಂಕಜಾಕ್ಷಿ.

ಅವರು ಹಲಗೆ ದಾಟಿ ಬಂದು, ಬಿದ್ದಿದ್ದ ಕೊಡೆಯನ್ನು ಎತ್ತಿಕೊಂಡರು. ಮಳೆ ಆಗಲೇ ಭಟ್ಟರ ನೆತ್ತಿಯಿಂದ ಕೆಸರನ್ನು ಇಳಿಸತೊಡಗಿತ್ತು.

"ಒಂದು ನಿಮಿಷ ಹಾಗೆಯೇ ನಿಲ್ಲಿ ಭಟ್ರೇ. ನಿಶ್ಚಿತಾರ್ಥಕ್ಕೆ ಆಟಿ ಕಳೆದು ಸೋಣ ತಿಂಗಳಲ್ಲಿ ಯಾವ ದಿನ ಆದ್ರೂ ಆದೀತು, ಆಮೇಲೆ ಹೇಳ್ತೇನೆ. ಈಗ ಅಲ್ಲಾಡಬೇಡಿ."

ಭಟ್ಟರು ಅಲ್ಲಾಡಲಿಲ್ಲ. ಪಂಕಜಾಕ್ಷಿ ತಾವು ಪೂರ್ತಿ ನೆನೆಯುತ್ತ, ಇದ್ದ ಕೆಸರು ತೊಳೆದುಹೋಗದ ಹಾಗೆ ಅವರ ತಲೆಯ ಮೇಲೆ ಕೊಡೆ ಹಿಡಿದು, ನೋಡುತ್ತ ನಿಂತರು.